ಹೂಂ ಮಾಸ್ಟರ ಗುಂಡುಸೂಜಿ

ಬೀದಿಯ ಮೂಲೆಯ ಔಷಧಿ ಅಂಗಡಿಯ ಪಕ್ಕದಲ್ಲಿ ಒಂದು ಕಿರಿದಾದ ಮೆಟ್ಟಿಲು. ಅದನ್ನು ಹತ್ತಿದರೆ ಮೊದಲನೇ ಮಹಡಿಯಲ್ಲಿ ಟೈಲರ್ ಅಂಗಡಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಏನೋ ಒಂದು ಹೆಸರಿತ್ತು. ಬಿಸಿಲಿಗೆ ಮಾಸಿಹೋದ ಆ ಅಕ್ಷರಗಳನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಊರಿಗೆಲ್ಲ ಅದು ಹೂಂ ಮಾಸ್ಟರ ಅಂಗಡಿ.

ಈ ಹೆಸರು ಬರಲು ಕಾರಣ ಗುಂಡುಸೂಜಿ. ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿ, ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ನೋಡುವಾಗ ಟೈಲರಿಗೆ ಎರಡೂ ಕೈ ಬಟ್ಟೆಯ ಮೇಲೇ ಬೇಕು. ಹಾಗಾದರೆ ಸೂಜಿ ಹಿಡಿದುಕೊಳ್ಳುವವರು ಯಾರು? ಬಾಯಿ. ಮಾಸ್ಟರು ಒಂದಷ್ಟು ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡು ಕೆಲಸಕ್ಕೆ ಇಳಿದರೆಂದರೆ ಮುಳ್ಳುಹಂದಿ ಮೀಸೆ ಬಿಟ್ಟ ಹಾಗೆ ಕಾಣುತ್ತಿದ್ದರು. ಆ ಸ್ಥಿತಿಯಲ್ಲಿ ಸೂಜಿ ಉದುರಿಸದೆ ಆಡಬಹುದಾದ ಮಾತು ಒಂದೇ: ಹೂಂ. ‘ಇಲ್ಲ’ ಎನ್ನಲು ಬಾಯಿ ಬಿಡಬೇಕು. ಹೀಗಾಗಿ ಮಾಸ್ಟರು ತಮ್ಮ ಬಾಳಿನ ಬಹುಭಾಗವನ್ನು ಎಲ್ಲರಿಗೂ ಎಲ್ಲದಕ್ಕೂ ಒಪ್ಪಿಕೊಂಡೇ ಕಳೆದಿದ್ದರು.

ಇದರಿಂದ ಅವರಿಗೆ ಆದ ಲಾಭ ಅಷ್ಟಿಷ್ಟಲ್ಲ. ಗಂಡ ಬಂದು ಹೆಂಡತಿಯ ಮೇಲೆ ದೂರು ಹೇಳಿದರೂ ಹೂಂ, ಮಾರನೇ ವಾರ ಹೆಂಡತಿ ಬಂದು ಗಂಡನ ಮೇಲೆ ಹೇಳಿದರೂ ಹೂಂ. ಇಬ್ಬರೂ ಮೆಟ್ಟಿಲಿಳಿಯುವಾಗ, ‘ಇಡೀ ಬೀದಿಯಲ್ಲಿ ನ್ಯಾಯ ಗೊತ್ತಿರೋ ಮನುಷ್ಯ ಅಂದ್ರೆ ಇವರೊಬ್ಬರೇ’ ಎಂದುಕೊಳ್ಳುತ್ತಿದ್ದರು. ಉದ್ದುದ್ದ ಮಾತಾಡಿ ಒಬ್ಬರನ್ನೂ ಒಪ್ಪಿಸಲಾಗದ ನಮ್ಮಂಥವರು ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕಷ್ಟೆ.

ಅಂಗಡಿಯಲ್ಲಿ ಮಾಸ್ಟರ ಜೊತೆ ಇದ್ದವರು ಅವರ ಹೆಂಡತಿ. ಕಿಟಕಿ ಪಕ್ಕ ಕೂತು ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಮತ್ತು ಮಾಸ್ಟರು ಆಡದೆ ಉಳಿಸಿದ ಮಾತುಗಳನ್ನೆಲ್ಲ ಆಡಿ ಮುಗಿಸುವುದು ಆಕೆಯ ಪಾಲಿನ ಕೆಲಸ. ಎರಡು ವರ್ಷದಿಂದ ಇನ್ನೊಬ್ಬಳು ಸೇರಿಕೊಂಡಿದ್ದಳು: ಮಗಳ ಮಗಳು. ತೊಟ್ಟಿಲಲ್ಲಿದ್ದಾಗ ಒಂದೇ ಎಳೆಯಲ್ಲಿ ಸಣ್ಣಗೆ ಕುಯ್‌ ಎಂದು ಅಳುತ್ತಿದ್ದಳೆಂದು ಅಜ್ಜಿ ಅವಳನ್ನು ಪಿಟೀಲು ಎಂದು ಕರೆದಿದ್ದಳು. ನಾಲ್ಕು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು, ಚಮಚ ಹಿಡಿಯಲು ಕಲಿಸುವವಳು. ಅಳಿಯನದು ಕಾರ್ಖಾನೆಯ ಪಾಳಿ ಕೆಲಸ. ಹಾಗಾಗಿ ಮಗಳು ಕೆಲಸಕ್ಕೆ ಹೋಗುವಾಗ ಮಗುವನ್ನು ಅಂಗಡಿಯಲ್ಲಿ ಬಿಟ್ಟು, ಬರುವಾಗ ಕರೆದೊಯ್ಯುತ್ತಿದ್ದಳು. ಪಿಟೀಲು ಕಟಿಂಗ್ ಟೇಬಲ್ಲಿನ ಕೆಳಗೆ ಕತ್ತರಿಸಿದ ಚೂರುಗಳಲ್ಲಿ ಮನೆ ಕಟ್ಟುತ್ತಿದ್ದಳು. ಆಗಾಗ ಹೊರಗೆ ತಲೆ ಹಾಕಿ, ‘ಅಜ್ಜಾ, ಇದು ಯಾರ ಪ್ಯಾಂಟು?’ ಎನ್ನುತ್ತಿದ್ದಳು. ಮಾಸ್ಟರಿಗೆ ಆ ತಲೆ ಹೊರಬರುವುದನ್ನು ನೋಡುವುದೇ ದಿನದ ದೊಡ್ಡ ಸುಖವಾಗಿತ್ತು.

ಒಂದು ಸಂಜೆ ಮಾಸ್ಟರು ಬೇಕರಿ ಯಜಮಾನರ ಅಂಗಿಯ ಬೆನ್ನು ಹಿಡಿಯುತ್ತಿದ್ದರು. ಕನ್ನಡಿಯ ಮೂಲೆಯಲ್ಲಿ ಪಿಟೀಲು ಕಂಡಳು. ಒಂದು ದಿಂಬನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಾಳೆ, ಅದಕ್ಕೆ ಚೂರು ಬಟ್ಟೆ ಸುತ್ತಿದ್ದಾಳೆ, ತಲೆ ಓರೆ ಮಾಡಿ ನೋಡುತ್ತಿದ್ದಾಳೆ. ಎಲ್ಲ ಥೇಟ್ ಅಜ್ಜನ ಹಾಗೆ. ತುಟಿಗಳ ನಡುವೆ ಗುಂಡುಸೂಜಿಗಳ ಸಾಲು.

ಮಾಸ್ಟರು ಕೂಡಲೇ ‘ತೆಗಿ’ ಎಂದು ಕೂಗಬೇಕು. ಆದರೆ ಕೂಗಲು ಬಾಯಿ ಎಲ್ಲಿದೆ? ಅದು ಸೂಜಿಗಳಿಂದ ತುಂಬಿತ್ತು. ಬಂದದ್ದು ಒಂದೇ ಸದ್ದು: “ಹೂಂ! ಹೂಂ!”

ಅಜ್ಜ ಮೆಚ್ಚಿದನೆಂದು ಪಿಟೀಲು ಹಿಗ್ಗಿದಳು. ಅವಳೂ, “ಹೂಂ” ಎಂದಳು.

ಆ ಹೊತ್ತಿಗೆ ಸರಿಯಾಗಿ ಮಗಳು ಮೆಟ್ಟಿಲು ಹತ್ತಿ ಬಂದಿದ್ದಳು. ಅವಳು ಕಿರುಚಲಿಲ್ಲ. ಮಗು ಬೆಚ್ಚಿ ಉಸಿರೆಳೆದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಮೆಲ್ಲಗೆ ಬಂದು ಮಂಡಿಯೂರಿ, ಮಗುವಿನ ಗಲ್ಲದ ಕೆಳಗೆ ಅಂಗೈ ಒಡ್ಡಿ, “ಉಗಿ ಕಂದಾ” ಎಂದಳು. ಪಿಟೀಲು ಉಗಿದಳು. ಮಗಳು ಎದ್ದು ಬಂದು ಅದೇ ಅಂಗೈಯನ್ನು ಅಪ್ಪನ ಗಲ್ಲದ ಕೆಳಗೆ ಒಡ್ಡಿದಳು.

“ನೀನೂ.”

ಮಾಸ್ಟರೂ ಉಗಿದರು. ಬೇಕರಿ ಯಜಮಾನರು ಅರ್ಧ ಹಿಡಿದ ಅಂಗಿಯಲ್ಲೇ ಮುಖ ಬೇರೆ ಕಡೆ ತಿರುಗಿಸಿಕೊಂಡರು.

“ಈ ಅಭ್ಯಾಸ ಬಿಡೋವರೆಗೂ ಇವಳು ಅಂಗಡಿಗೆ ಬರಲ್ಲ ಅಪ್ಪಾ” ಎಂದಳು ಮಗಳು. ಸಿಟ್ಟಿನಲ್ಲಿ ಹೇಳಿದ್ದರೆ ನಾಳೆ ಇಳಿಯುತ್ತದೆ ಎನ್ನಬಹುದಿತ್ತು. ಅವಳು ರೋಗಿಗೆ ಪಥ್ಯ ಹೇಳುವ ದನಿಯಲ್ಲಿ ಹೇಳಿದ್ದಳು.

“ಅಷ್ಟೇ ತಾನೆ? ನಾಳೆಯಿಂದ ಬಿಟ್ಟೆ” ಎಂದರು ಮಾಸ್ಟರು.

ಕಿಟಕಿ ಪಕ್ಕದಿಂದ ಹೆಂಡತಿ ನಕ್ಕಳು.

ಮಾರನೇ ದಿನ ಬೆಳಿಗ್ಗೆ ಮಾಸ್ಟರು ಅಂಗಡಿ ಬಾಗಿಲು ತೆಗೆಯುವಾಗಲೇ ಶಪಥ ಮಾಡಿದರು. ಮೊದಲ ಗಿರಾಕಿ ಬಂದ, ಕನ್ನಡಿ ಮುಂದೆ ನಿಂತ, ಪ್ಯಾಂಟಿನ ಉದ್ದ ನೋಡಿದ್ದಾಯಿತು, ಹೋದ. ಮಾಸ್ಟರು ಗೆದ್ದವರಂತೆ ಹೆಂಡತಿಯ ಕಡೆ ತಿರುಗಿ, “ಮ್ಮ್, ಮ್ಮ್?” ಎಂದರು. ಅಂದರೆ, ‘ನೋಡಿದ್ಯಾ, ಹೇಗೆ?’

“ನೋಡಿದೆ ನೋಡಿದೆ. ಬಾಯಲ್ಲಿರೋದನ್ನ ತೆಗೆದು ಮಾತಾಡಿ.”

ಮಾಸ್ಟರು ತುಟಿ ಮುಟ್ಟಿ ನೋಡಿಕೊಂಡರು. ಸೂಜಿ! ಯಾವಾಗ ಬಂತು? ಯಾರು ಇಟ್ಟರು? ಇಟ್ಟದ್ದು ತಮ್ಮದೇ ಕೈ ಎಂಬುದರಲ್ಲಿ ಸಂಶಯವಿರಲಿಲ್ಲ, ಆದರೆ ಆ ಕೈ ಇವರನ್ನು ಒಂದು ಮಾತೂ ಕೇಳಿರಲಿಲ್ಲ.

ಆ ಭಾನುವಾರ ಮಗಳ ಮನೆಗೆ ಹೋದಾಗ ಅವರು ಇದನ್ನು ಕಳ್ಳತನದ ದೂರು ಕೊಡುವವರಂತೆ ಹೇಳಿದರು. ಮಗಳು ನಗಲಿಲ್ಲ.

“ಮೆದುಳು ಇದೆಯಲ್ಲಪ್ಪಾ, ಅದು ಮಹಾ ಜಿಪುಣ. ಹೊಸ ಕೆಲಸ ಅಂದ್ರೆ ಈ ಹಣೆ ಹಿಂದಿನ ಭಾಗ ಕೂತು ಯೋಚನೆ ಮಾಡುತ್ತೆ. ಅದಕ್ಕೆ ಖರ್ಚು ಜಾಸ್ತಿ. ಅದೇ ಕೆಲಸ ದಿನಾ ಮಾಡಿದ್ರೆ, ದಿನಾ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ ಅಂತ ಒಳಗೆ ಆಳದಲ್ಲಿರೋ ಇನ್ನೊಂದು ಭಾಗಕ್ಕೆ ವಹಿಸ್ಬಿಡುತ್ತೆ. ಅದು ಯೋಚನೆ ಮಾಡಲ್ಲ. ಸನ್ನೆ ಸಿಕ್ಕಿದ್ರೆ ಶುರು, ಕೊನೇಲಿ ಏನೋ ಒಂದು ಸಮಾಧಾನ ಸಿಕ್ಕಿದ್ರೆ ಮುಗೀತು, ಇನ್ನೂ ಗಟ್ಟಿ.”

“ಸನ್ನೆ ಅಂದ್ರೆ?”

“ನಿನಗೆ ಬಹುಶಃ ಗಿರಾಕಿ ಕನ್ನಡಿ ಮುಂದೆ ನಿಲ್ಲೋದು.”

“ಹಾಗಾದ್ರೆ ಗಿರಾಕಿ ಬರೋದು ನಿಂತ್ರೆ ವಾಸಿಯಾಗುತ್ತೆ” ಎಂದಳು ಹೆಂಡತಿ.

ಮಾಸ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ಸನ್ನೆ ಸರಿ. ಸಮಾಧಾನ ಎಲ್ಲಿದೆ ಇದರಲ್ಲಿ? ಗುಂಡುಸೂಜಿಯೇನು ಕಲ್ಲುಸಕ್ಕರೆಯಾ?”

“ಅದು ನನಗೂ ಗೊತ್ತಿಲ್ಲ” ಎಂದಳು ಮಗಳು. “ಆದ್ರೆ ಏನೋ ಇರುತ್ತೆ. ಇಲ್ದಿದ್ರೆ ಇಷ್ಟು ವರ್ಷ ಉಳೀತಿರ್ಲಿಲ್ಲ. ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಳೇದು ಪೂರ್ತಿ ಅಳಿಸಿಹೋಗಲ್ಲ. ಅದರ ಮೇಲೆ ಹೊಸದನ್ನ ಕೂರಿಸ್ಬೇಕು.”

ಇದು ಮಾಸ್ಟರಿಗೆ ತಕ್ಷಣ ಅರ್ಥವಾಯಿತು. ಬೆಳೆದ ಹುಡುಗರ ಪ್ಯಾಂಟಿನ ಕಾಲು ಬಿಚ್ಚಿ ಉದ್ದ ಮಾಡುವುದು ಅವರ ನಿತ್ಯದ ಕೆಲಸ. ಎಷ್ಟು ಬಿಸಿ ಇಸ್ತ್ರಿ ಎಳೆದರೂ ಹಳೇ ಮಡಿಕೆಯ ಗೆರೆ ಅಲ್ಲೇ ಇರುತ್ತದೆ. ಬಟ್ಟೆಯೂ ಮರೆಯುವುದಿಲ್ಲ. ಅವರ ಬಾಯಿಯ ಮಡಿಕೆ ಬಿದ್ದದ್ದು ಮೀಸೆ ಚಿಗುರುವ ಮೊದಲು, ಗುರುಗಳ ಅಂಗಡಿಯಲ್ಲಿ. ಮೊದಮೊದಲು ಒಂದೊಂದು ಸೂಜಿಯನ್ನೂ ನೋಡಿ, ತಲೆ ಯಾವ ಕಡೆ, ಮೊನೆ ಯಾವ ಕಡೆ ಎಂದು ಎಣಿಸಿ ಇಟ್ಟುಕೊಳ್ಳಬೇಕಿತ್ತು. ತುಟಿ ಚುಚ್ಚಿ ರಕ್ತ ಬರುತ್ತಿತ್ತು. ಆಮೇಲೆ ಯಾವಾಗಲೋ ಒಂದು ದಿನ ಆ ಯೋಚನೆಯೇ ತಪ್ಪಿತು. ತಪ್ಪಿದ ದಿನ ಯಾವುದೆಂದು ಯಾರಿಗೆ ನೆನಪಿರುತ್ತದೆ? ಕಲಿತದ್ದನ್ನು ಮರೆತಾಗಲೇ ಕಲಿತದ್ದು ಪೂರ್ತಿಯಾದದ್ದು.

ಹೊಸದನ್ನು ಕೂರಿಸುವ ಪ್ರಯತ್ನಗಳು ಶುರುವಾದವು. ಮೊದಲು ಪೆಪ್ಪರ್‌ಮೆಂಟು. ಬಾಯಿಗೆ ಬೇರೆ ಕೆಲಸ ಕೊಟ್ಟರೆ ಸರಿಹೋಗಬಹುದೆಂದು ಲೆಕ್ಕ. ಬಾಯಿ ಎರಡು ಕೆಲಸವನ್ನೂ ಒಟ್ಟಿಗೆ ಮಾಡಿತು. ಕೆನ್ನೆಯಲ್ಲಿ ಪೆಪ್ಪರ್‌ಮೆಂಟು, ತುಟಿಯಲ್ಲಿ ಸೂಜಿ. ಆಮೇಲೆ ಹೆಂಡತಿ ಒಂದು ಟವೆಲ್ಲನ್ನು ಮೂಗಿನ ಕೆಳಗಿಂದ ಬಿಗಿದು ಕಟ್ಟಿದಳು. ಬಂದವರೆಲ್ಲ, ‘ಹಲ್ಲು ಕೀಳಿಸಿದ್ರಾ ಮಾಸ್ಟ್ರೇ?’ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಟವೆಲ್ಲಿನ ಮೇಲೆ, ಬಾಯಿ ಇರಬೇಕಾದ ಜಾಗದಲ್ಲಿ ನೆಟ್ಟಗೆ ಒಂದು ಸಾಲು ಗುಂಡುಸೂಜಿ ಚುಚ್ಚಿತ್ತು.

ಕೊನೆಗೆ ಮಗಳು ಒಂದು ಸೂಜಿಮೆತ್ತೆ ತಂದುಕೊಟ್ಟಳು. ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು, ಸೂಜಿಗಳನ್ನು ಅದಕ್ಕೆ ಚುಚ್ಚಿಟ್ಟು ಬೇಕಾದಾಗ ಎಳೆದುಕೊಳ್ಳುವುದು. ಬಹಳ ಅಚ್ಚುಕಟ್ಟಾದ ವಸ್ತು. ಮೊದಲು ಮಾಸ್ಟರ ಕೈ ಟೇಬಲ್ಲಿನ ಡಬ್ಬಿಯವರೆಗೆ ಹೋಗಿ ಬಾಯಿಗೆ ಬರಬೇಕಿತ್ತು. ಈಗ ಮಣಿಕಟ್ಟಿನಿಂದ ನೇರವಾಗಿ ಬಾಯಿಗೆ. ಸಾಗಾಣಿಕೆ ಸುಲಭವಾಯಿತು.

ಆದರೂ ಮಾಸ್ಟರು ಬಿಡಲಿಲ್ಲ. ಪ್ರತಿ ಸೂಜಿಗೂ ಮನಸ್ಸಿನಲ್ಲೇ ‘ಬಟ್ಟೆಗೆ, ಬಟ್ಟೆಗೆ’ ಎಂದು ಹೇಳಿಕೊಂಡು ಕೆಲಸ ಮಾಡಿದರು. ಬಾಯಿ ಖಾಲಿಯಾಯಿತು. ಆದರೆ ಕೈ ಕಾಯುವುದಕ್ಕೆ ನಿಂತ ತಲೆಗೆ ಭುಜ ನೋಡಲು ಪುರಸೊತ್ತಿಲ್ಲ. ಅಂಗಿಯ ಎಡದೋಳು ಬಲದೋಳಿಗಿಂತ ಗಿಡ್ಡವಾಯಿತು. ಒಂದು ಫ್ರಾಕಿನ ಕಾಲರು ಹೆಗಲ ಮೇಲೆ ಹೋಗಿ ಕೂತಿತು. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಖಾಲಿ ಬಾಯಿ ಮಾತಾಡತೊಡಗಿತು.

ಅರ್ಧ ಹೊಲಿದ ಕೋಟು ತೊಟ್ಟು ನೋಡಲು ಬಂದ ವಕೀಲರು ಎಂದಿನಂತೆ, “ಸೊಂಟ ಹೋದ ವರ್ಷದ ಅಳತೆಯೇ ಇರಲಿ ಮಾಸ್ಟ್ರೇ” ಎಂದರು.

ಮೊದಲಾಗಿದ್ದರೆ ಹೂಂ ಎಂದು, ತೆಪ್ಪಗೆ ಎರಡು ಬೆರಳು ಸಡಿಲ ಬಿಟ್ಟು ಹೊಲಿಯುತ್ತಿದ್ದರು. ಈಗ ಬಾಯಿ ತಾನಾಗಿ ತೆರೆಯಿತು. “ಹೋದ ವರ್ಷದ ಸೊಂಟ ಎಲ್ಲಿದೆ ಸಾರ್ ಈಗ? ಅದು ಹೋದ ವರ್ಷವೇ ಹೋಯ್ತಲ್ಲ.”

ವಕೀಲರು ಕೋಟು ಕಳಚಿಟ್ಟು ಹೋದರು. ಬೇಕರಿ ಯಜಮಾನರು ತಮ್ಮನ ಮೇಲೆ ದೂರು ಹೇಳಲು ಬಂದರೆ, “ತಪ್ಪು ನಿಮ್ಮದೂ ಇದೆ ಅನ್ಸುತ್ತೆ” ಎಂದುಬಿಟ್ಟರು. ಅವರೂ ಹೋದರು. ನ್ಯಾಯ ಗೊತ್ತಿದ್ದ ಮನುಷ್ಯ ನ್ಯಾಯ ಹೇಳತೊಡಗಿದರೆ ಯಾರಿಗೆ ಬೇಕು?

“ನೀವು ಮಗಳನ್ನ ಕೇಳಿದ್ರಲ್ಲ, ಇದರಲ್ಲಿ ಸಮಾಧಾನ ಏನು ಅಂತ” ಎಂದಳು ಹೆಂಡತಿ, ದಾರವನ್ನು ಹಲ್ಲಿನಲ್ಲಿ ಕತ್ತರಿಸುತ್ತ. “ಈಗ ಗೊತ್ತಾಯ್ತು ನೋಡಿ. ಬಾಯಲ್ಲಿ ಸೂಜಿ ಇದ್ರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಮದುವೆಯಾದಾಗಿನಿಂದ ನಾನೂ ಹೂಂ ಕೇಳಿಕೊಂಡೇ ಬಂದಿದ್ದೀನಿ. ನನ್ನ ಎಷ್ಟು ಮಾತಿಗೆ ನೀವು ಹೂಂ ಅಂದಿದ್ದೀರಿ, ಎಷ್ಟು ಮಾತಿಗೆ ಸೂಜಿ ಹೂಂ ಅಂದಿದೆ, ಆ ದೇವರಿಗೇ ಗೊತ್ತು.”

ಮಾಸ್ಟರಿಗೆ ಹೂಂ ಅನ್ನಬೇಕೆನಿಸಿತು. ಧೈರ್ಯವಾಗಲಿಲ್ಲ.

ಅತ್ತ ಪಿಟೀಲು ಆಸ್ಪತ್ರೆಯ ಹತ್ತಿರ, ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಗೆ ಹೋಗತೊಡಗಿದ್ದಳು. ಮೊದಲ ವಾರ ಅಜ್ಜ ಬೇಕು ಎಂದು ಅತ್ತಳಂತೆ. ಎರಡನೇ ವಾರ ಸ್ವಲ್ಪ ಅತ್ತಳಂತೆ. ಆಮೇಲೆ ಅಳಲಿಲ್ಲ. ಒಂದು ಬೆಳಿಗ್ಗೆ ಮಾಸ್ಟರು ಬೇಕೆಂದೇ ಆ ದಾರಿಯಲ್ಲಿ ನಿಂತಿದ್ದರು. ಪಿಟೀಲು ಅಮ್ಮನ ಕೈ ಹಿಡಿದು ಬಂದವಳು, ಅಜ್ಜನನ್ನು ನೋಡಿ ನಕ್ಕು, ಕೈ ಬೀಸಿ, “ಟಾಟಾ ಅಜ್ಜಾ” ಎಂದು ಹೇಳಿ, ಆ ಮನೆಯ ಗೇಟು ತಳ್ಳಿಕೊಂಡು ಒಳಗೆ ಓಡಿದಳು. ಅತ್ತಿದ್ದರೆ ಮಾಸ್ಟರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಚಪ್ಪಲಿ ಎಲ್ಲಿ ಬಿಡಬೇಕು, ಚೀಲ ಎಲ್ಲಿ ತೂಗು ಹಾಕಬೇಕು, ಎಲ್ಲ ಅವಳಿಗೆ ಆಗಲೇ ರೂಢಿಯಾಗಿತ್ತು. ತಮ್ಮ ರೂಢಿ ಬಿಡಿಸುವುದರೊಳಗೆ ಇವಳಿಗೆ ಹೊಸ ರೂಢಿ ಕೂತುಬಿಡುತ್ತದಲ್ಲ, ಅದರಲ್ಲಿ ಅಂಗಡಿಗೂ ಜಾಗವಿಲ್ಲ, ಅಜ್ಜನಿಗೂ ಜಾಗವಿಲ್ಲ ಎಂದು ಮಾಸ್ಟರಿಗೆ ಆ ಗೇಟಿನ ಮುಂದೆ ಹೊಳೆಯಿತು. ಮೆಟ್ಟಿಲು ಹತ್ತಿ ಬಂದು ಕಟಿಂಗ್ ಟೇಬಲ್ಲಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರು. ಚೂರುಗಳು ಬಿದ್ದಿದ್ದವು. ಮನೆ ಇರಲಿಲ್ಲ.

ಅಂದಿನಿಂದ ಅವರು ಜಿದ್ದಿಗೆ ಬಿದ್ದರು. ನಿಧಾನವಾದರೂ ಸರಿ, ತೋಳು ಗಿಡ್ಡವಾದರೆ ಬಿಚ್ಚಿ ಹೊಲಿದರೂ ಸರಿ. ಒಂದು ವಾರ ಬಾಯಿ ಖಾಲಿ. ಇನ್ನೊಂದು ವಾರವೂ ಖಾಲಿ. ಹೆಂಡತಿಯೇ ಮಗಳಿಗೆ ಫೋನು ಮಾಡಿ, “ನಿಮ್ಮಪ್ಪ ಗೆದ್ದರು ಕಣೆ. ನಾನೇ ಸಾಕ್ಷಿ” ಎಂದಳು.

“ನಾಳೆ ಮಧ್ಯಾಹ್ನ ಕರ್ಕೊಂಡು ಬರ್ತೀನಿ” ಎಂದಳು ಮಗಳು.

ನಾಳೆ ಬಂತು. ಹೊಸದಾಗಿ ತೆರೆಯಲಿದ್ದ ಹೋಟೆಲೊಂದರ ಸಮವಸ್ತ್ರಗಳನ್ನು ಮಾಸ್ಟರು ಒಪ್ಪಿಕೊಂಡಿದ್ದರು. ಅಂದು ಮೂರು ಗಂಟೆಗೆ ಬರಬೇಕಾದ ಸಪ್ಲೈಯರುಗಳು ಹನ್ನೊಂದಕ್ಕೇ, ಒಬ್ಬೊಬ್ಬರಾಗಿ ಬರುವ ಬದಲು ಒಟ್ಟಿಗೆ ಬಂದರು. ಜೊತೆಗೆ ಅವರ ಮ್ಯಾನೇಜರು. ಆತನಿಗೆ ನಿಂತಲ್ಲಿ ನಿಲ್ಲಲಾಗದು. “ಬೇಗ ಆಗ್ಲಿ ಮಾಸ್ಟ್ರೇ, ಬೇಗ. ಇವನದು ತೋಳು ನೋಡಿ. ಅವನದು ಬೆನ್ನು ನೋಡಿ. ಇವನದ್ಯಾಕೆ ಹೀಗೆ ಜೋತಾಡ್ತಿದೆ? ಬೇಗ!” ಮೆಟ್ಟಿಲ ತನಕ ಸಾಲು. ಒಬ್ಬನ ಕೋಟಿನ ಗುಂಡಿ ಕಳಚುವುದರೊಳಗೆ ಇನ್ನೊಬ್ಬ ಕನ್ನಡಿ ಮುಂದೆ. ಮಾಸ್ಟರ ತಲೆಯೆಲ್ಲ ತೋಳು, ಬೆನ್ನು, ಕಾಲರು.

ಒಂದು ಗಂಟೆಯ ಹೊತ್ತಿಗೆ ಕೆಲಸ ಸರಾಗವಾಗಿ ಸಾಗುತ್ತಿತ್ತು. ಎಷ್ಟೋ ದಿನದ ಮೇಲೆ ಕೈ ಹಿಂದಿನ ಹಾಗೆ ಆಡುತ್ತಿದೆ ಎಂದು ಮಾಸ್ಟರಿಗೆ ಒಳಗೊಳಗೇ ಖುಷಿ. ಆಗ ಕನ್ನಡಿಯಲ್ಲಿ ಬಾಗಿಲು ಕಂಡಿತು. ಬಾಗಿಲಲ್ಲಿ ಮಗಳು. ಮಗಳ ಕಂಕುಳಲ್ಲಿ ಪಿಟೀಲು.

“ಅಜ್ಜ ಹೂಂ!” ಎಂದು ಪಿಟೀಲು ಚಪ್ಪಾಳೆ ತಟ್ಟಿದಳು. ತನ್ನ ತುಟಿಗಳನ್ನು ಬಿಗಿದು ತೋರಿಸಿದಳು.

ಮಾಸ್ಟರು ತುಟಿ ಮುಟ್ಟಿ ನೋಡಿಕೊಳ್ಳಬೇಕಾಗಿರಲಿಲ್ಲ. ಕನ್ನಡಿಯಲ್ಲೇ ಕಾಣುತ್ತಿತ್ತು: ಸಾಲಾಗಿ, ಒತ್ತೊತ್ತಾಗಿ, ಹಿಂದೆಂದಿಗಿಂತ ಹೆಚ್ಚು.

ಮಗಳು ಬೈಯಲಿಲ್ಲ. “ಅವಸರ ಇದ್ದಾಗ ಹಳೇದೇ ಮೇಲೆ ಬರೋದು ಅಪ್ಪಾ. ಅದು ನಿನ್ನ ತಪ್ಪಲ್ಲ” ಎಂದಳು. ಆದರೆ ಮಗುವನ್ನು ಕೆಳಗಿಳಿಸಲಿಲ್ಲ. ಹಾಗೇ ತಿರುಗಿ ಮೆಟ್ಟಿಲಿಳಿದಳು. ‘ತಪ್ಪಲ್ಲ’ ಎಂಬ ಮಾತು ಮಾಸ್ಟರಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು.

ಸಂಜೆ ಅವರು ಸೂಜಿಮೆತ್ತೆ ಬಿಚ್ಚಿ ಟೇಬಲ್ಲಿನ ಮೇಲೆ ಎಸೆದರು. “ನನ್ನಿಂದ ಆಗಲ್ಲ. ಮಗು ಪಕ್ಕದಲ್ಲಿದ್ರೆ ನೆನಪಿರ್ತಿತ್ತೇನೋ. ಅವಳನ್ನೇ ಬಿಡಲ್ಲ ಅಂತಾಳೆ.”

“ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ” ಎಂದಳು ಹೆಂಡತಿ. ಎಂದಿನ ಕೊಂಕು ಆ ಮಾತಿನಲ್ಲಿರಲಿಲ್ಲ. ಪಿಟೀಲು ಇಲ್ಲದ ಅಂಗಡಿ ಆಕೆಗೂ ಸಾಕಾಗಿತ್ತು.

ಮುಂದಿನ ಭಾನುವಾರ ಮಗಳು ಮಗುವನ್ನು ಕರೆದುಕೊಂಡು ತವರಿಗೆ ಊಟಕ್ಕೆ ಬಂದಿದ್ದಳು. ಮನೆಯಲ್ಲಿ ಸೂಜಿ ಇರಲಿಲ್ಲ, ಹಾಗಾಗಿ ಮನೆಗೆ ನಿಷೇಧವಿರಲಿಲ್ಲ. ಊಟವಾದ ಮೇಲೆ ಹೊರಡುವ ಮುಂಚೆ ಪಿಟೀಲನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ಮಗಳು ತಲೆ ಬಾಚತೊಡಗಿದಳು. ಬಾಚುತ್ತ ಹೆಚ್ಚು ಕಡಿಮೆ ಉಪನ್ಯಾಸವೇ ನಡೆದಿತ್ತು: ಮಕ್ಕಳು ನಾವು ಹೇಳಿದ್ದನ್ನು ಕಲಿಯೋದಿಲ್ಲ, ಮಾಡಿದ್ದನ್ನು ಕಲಿಯುತ್ತಾರೆ, ಅದಕ್ಕೇ ಅಪ್ಪಾ ನಾನು ಇಷ್ಟು ಹಟ ಮಾಡೋದು, ಎಂದು. ನಡುವೆ ಮಾತು ಮಂದವಾಗಿ, “ಮ್ಮ್, ಅಮೇಮೆ ಮಮಗೂ” ಎಂಬ ಹಾಗೆ ಕೇಳತೊಡಗಿತು.

“ಬಾಯಲ್ಲಿ ಏನೇ ಅದು?” ಎಂದಳು ಹೆಂಡತಿ, ಮಗಳ ಕಡೆ ನೋಡಿ.

“ಮ್?”

“ಬಾಯಲ್ಲಿ. ಹಲ್ಲಿನ ನಡುವೆ.”

ಮಗಳ ಎರಡೂ ಕೈ ಜಡೆಯಲ್ಲಿದ್ದವು. ಹಲ್ಲುಗಳ ನಡುವೆ ಎರಡು ಹೇರ್‌ಪಿನ್ನು. ಅವಳ ಮುಂದೆ ಕೂತಿದ್ದ ಪಿಟೀಲಿನ ಹಲ್ಲುಗಳ ನಡುವೆಯೂ ಒಂದು. ತನ್ನ ಸರದಿ ಬಂದಾಗ ಕೊಡಲು, ಅಮ್ಮನ ಹಾಗೇ ಕಚ್ಚಿ ಹಿಡಿದಿದ್ದಳು.

ಮಗಳು ಪಿನ್ನುಗಳನ್ನು ತೆಗೆದು ಅಂಗೈಯಲ್ಲಿಟ್ಟು, ಬೇರೆ ಯಾರದೋ ವಸ್ತು ಸಿಕ್ಕಿದ ಹಾಗೆ ನೋಡಿದಳು. “ನಾನು ಯಾವಾಗ ಇಟ್ಕೊಂಡೆ?”

“ಎಂಟನೇ ಕ್ಲಾಸಿನಿಂದ” ಎಂದಳು ತಾಯಿ.

ಮಾಸ್ಟರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದು ಸಾಧ್ಯವಿರಲಿಲ್ಲ. ಬಾಯಿ ಖಾಲಿ ಇತ್ತು, ನಾಲಿಗೆ ಈಚೆಗೆ ಹರಿತವಾಗಿತ್ತು, ಹೇಳಬೇಕಾದ ಮಾತು ತುದಿಯಲ್ಲೇ ಇತ್ತು. ಅವರು ಮಗಳ ಮುಖ ನೋಡಿದರು. ಮೊದಲ ದಿನ ತುಟಿ ಮುಟ್ಟಿ ನೋಡಿಕೊಂಡಾಗ ತಮ್ಮ ಮುಖವೂ ಹೀಗೇ ಇದ್ದಿರಬೇಕು ಎನಿಸಿತು. ಏನೂ ಹೇಳಲಿಲ್ಲ. ಬಾಯಲ್ಲಿ ಯಾವ ಸೂಜಿಯೂ ಇಲ್ಲದೆ ಅವರು ಸುಮ್ಮನಿದ್ದದ್ದು ಬಹುಶಃ ಅದೇ ಮೊದಲು.

“ಉಗಿ ಕಂದಾ” ಎಂದು ಮಗುವಿನ ಪಿನ್ನು ತೆಗೆಸಿ, ಮಗಳು ಅರ್ಧ ಹೆಣೆದ ಜಡೆಯನ್ನು ಮುಗಿಸಿದಳು. ಆಮೇಲೆ, “ದಿನಾ ರೋಗಿಗಳಿಗೆ ಇದನ್ನೇ ಹೇಳ್ತೀನಪ್ಪಾ. ಅಭ್ಯಾಸ ನಡೀವಾಗ ನಡೀತಿದೆ ಅಂತ ನಮಗೇ ಗೊತ್ತಿರಲ್ಲ, ಪಕ್ಕದಲ್ಲಿ ಒಬ್ಬರು ನಿಂತು ಹೇಳ್ಬೇಕು ಅಂತ. ನಿನ್ನನ್ನ ಮಾತ್ರ ಒಂಟಿ ಬಿಟ್ಟು, ಬಿಡು ಬಿಡು ಅಂದೆ” ಎಂದಳು.

“ಪಕ್ಕದಲ್ಲಿ ನಾನಿರಲಿಲ್ವಾ?” ಎಂದಳು ತಾಯಿ.

“ನೀನು ನಗ್ತಾ ಇದ್ದೆ ಅಮ್ಮಾ.”

ಆಸ್ಪತ್ರೆಯಲ್ಲಿ ತನಗೆ ಮಧ್ಯಾಹ್ನದ ಪಾಳಿ ಇದ್ದ ದಿನ ನೋಡಿಕೊಂಡು ಮಗಳು ಬೆಳಿಗ್ಗೆಯೇ ಅಂಗಡಿಗೆ ಬಂದಳು, ಪಿಟೀಲಿನ ಜೊತೆ. ಸೂಜಿ ಡಬ್ಬಿಯನ್ನು ಎಟುಕದ ಶೆಲ್ಫಿನ ಮೇಲೆ ಇಟ್ಟಳು. ಸೂಜಿ ಇರಬೇಕಾದದ್ದು ಅಜ್ಜನ ಮಣಿಕಟ್ಟಿನಲ್ಲಿ ಮಾತ್ರ. ಪಿಟೀಲಿಗೆ ಒಂದು ಕೆಲಸ ಕೊಟ್ಟಳು: ಅಜ್ಜನಾಗಲಿ ಅಮ್ಮನಾಗಲಿ ಬಾಯಿಗೆ ಏನಾದರೂ ಇಟ್ಟುಕೊಂಡರೆ ಜೋರಾಗಿ ಹೇಳಬೇಕು. ದೊಡ್ಡವರನ್ನು ಗದರಿಸುವ ಅಧಿಕಾರ ಸಿಕ್ಕಿದರೆ ಯಾವ ಮಗು ಬಿಟ್ಟೀತು? ಪಿಟೀಲು ಸೊಂಟದ ಮೇಲೆ ಕೈ ಇಟ್ಟು ನಿಂತಳು. ಮಗಳು ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಹೊರಡುವಾಗ ಮಗುವನ್ನು ಬಿಟ್ಟು ಹೋಗುತ್ತಾಳೋ ಕರೆದುಕೊಂಡು ಹೋಗುತ್ತಾಳೋ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಂದವರು ವಕೀಲರು. ಬೇರೆ ಟೈಲರು ಹೊಲಿದ ಕೋಟು ಕೂತರೆ ಬಿಗಿ, ನಿಂತರೆ ಜೋಲು ಎಂದು ಗೊತ್ತಾಗಿ, ಮುಖ ಗಂಟು ಹಾಕಿಕೊಂಡೇ ಬಂದಿದ್ದರು. “ಸೊಂಟ ನಿಮಗೆ ತೋಚಿದ ಹಾಗೆ ಮಾಡಿ. ಮಾತು ಬೇಡ” ಎಂದು, ಅಂದು ಅರ್ಧಕ್ಕೆ ಕಳಚಿಟ್ಟು ಹೋಗಿದ್ದ ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು.

ಮಾಸ್ಟರ ಕೈ ಎದ್ದಿತು.

“ಅಜ್ಜಾ, ಬಾಯಿ!”

ಕೈ ಇಳಿಯಿತು. ವಕೀಲರು ಬೆಚ್ಚಿಬಿದ್ದರು.

“ಅಜ್ಜಾ, ಈ ಮಾಮನ ಕೋಟು ಯಾಕೆ ಕಪ್ಪು?”

“ಹೂಂ” ಎಂದರು ಮಾಸ್ಟರು, ಬೆನ್ನಿನ ಹೊಲಿಗೆ ನೋಡುತ್ತ.

“ಹೂಂ ಅಂದ್ರೆ?”

ಪಿಟೀಲು ಇಡೀ ಬೀದಿಯ ಹಾಗಲ್ಲ. ಹೂಂ ಎಂಬುದು ಅವಳಿಗೆ ಉತ್ತರವೇ ಅಲ್ಲ. “ಕೋರ್ಟಿಗೆ ಹೋಗೋರು ಕಪ್ಪು ಹಾಕ್ತಾರೆ ಪುಟ್ಟಾ.” ಒಂದು ಸೂಜಿ ಬಟ್ಟೆಗೆ ಹೋಯಿತು. “ಯಾಕೆ ಹಾಕ್ತಾರೆ?” “ಕೊಳೆ ಕಾಣಬಾರದು ಅಂತ ಇರಬಹುದು.” ಇನ್ನೊಂದು ಸೂಜಿ. “ಈ ಮಾಮ ಸ್ನಾನ ಮಾಡಲ್ವಾ?” ವಕೀಲರು ಗಂಟಲು ಸರಿಮಾಡಿಕೊಂಡು, “ಮಾಡ್ತೀನಮ್ಮಾ, ದಿನಾ” ಎಂದು ತಾವೇ ಹೇಳಿಕೆ ಕೊಟ್ಟರು. ಮಾತಾಡುವ ಬಾಯಿಯಲ್ಲಿ ಸೂಜಿ ನಿಲ್ಲುವುದಿಲ್ಲ. ಮೊದಲಾದರೆ ಬಾಯಿ ಖಾಲಿ ಇಡಲು ತಲೆಯೇ ಕಾವಲು ಕೂರಬೇಕಿತ್ತು. ಈಗ ಆ ಕಾವಲಿಗೆ ಬೇರೊಬ್ಬರು ಸಿಕ್ಕಿದ್ದರಿಂದ ಮಾಸ್ಟರ ತಲೆ ಎಷ್ಟೋ ದಿನದ ಮೇಲೆ ಭುಜದ ಕಡೆ ತಿರುಗಿತು. ಬೆಂಚಿನ ಮೇಲೆ ಮಗಳು ಬಿಚ್ಚಿದ ಕೂದಲು ಕಟ್ಟಿಕೊಳ್ಳಲು ಕೈ ಎತ್ತಿದಳು. “ಅಮ್ಮಾ, ಬಾಯಿ!” ಎಂಬ ಕೂಗಿಗೆ ಅವಳ ಪಿನ್ನೂ ನೆಲಕ್ಕೆ ಬಿತ್ತು.

ತೋಳು ಕೂರಿಸುವುದು ಕೋಟಿನಲ್ಲಿ ಕಷ್ಟದ ಕೆಲಸ. ಮಾಸ್ಟರು ಅದಕ್ಕೆ ಬಂದಾಗ ಪಿಟೀಲು ಕಿಟಕಿಯಲ್ಲಿ ಬಂದ ಬೆಕ್ಕಿನ ಕಡೆ ನೋಡುತ್ತಿದ್ದಳು. ಅಂಗಡಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ತುಟಿಗೆ ಏನೋ ತಣ್ಣಗೆ ತಾಗಿತು. ಮಾಸ್ಟರು ನಿಂತರು. ಯಾರೂ ಕೂಗಿರಲಿಲ್ಲ. ಅವರೇ ಸೂಜಿಯನ್ನು ತೆಗೆದು, ಅಂಗಿಗೆ ಒರೆಸಿ, ಮಣಿಕಟ್ಟಿಗೆ ಚುಚ್ಚಿದರು. ತಲೆ ಎತ್ತಿದರೆ ಕನ್ನಡಿಯಲ್ಲಿ ಮಗಳು ನೇರವಾಗಿ ಅವರನ್ನೇ ನೋಡುತ್ತಿದ್ದಳು.

ಅವಳು ಗಡಿಯಾರ ನೋಡಿಕೊಂಡು ಎದ್ದಳು, ಚೀಲ ಹೆಗಲಿಗೇರಿಸಿದಳು. ಮಾಸ್ಟರು ಕಣ್ಣು ತಪ್ಪಿಸಿ ವಕೀಲರ ತೋಳು ಹಿಡಿದುಕೊಂಡೇ ನಿಂತರು.

ಮಗಳು ಚೀಲದಿಂದ ಊಟದ ಡಬ್ಬಿ, ನೀರಿನ ಬಾಟಲಿ ತೆಗೆದು ಕಟಿಂಗ್ ಟೇಬಲ್ಲಿನ ಮೇಲೆ ಇಟ್ಟಳು. “ಒಂದು ಗಂಟೆಗೆ ಊಟ ಮಾಡ್ಸು ಅಮ್ಮಾ. ಕ್ಯಾರೆಟ್ ಬಿಡ್ತಾಳೆ, ಬಿಡೋಕೆ ಬಿಡಬೇಡ.”

“ನೋಡಿದೆಯಲ್ಲ ನೀನು?” ಎಂದರು ಮಾಸ್ಟರು ಮೆಲ್ಲಗೆ.

“ನೋಡ್ದೆ. ಬಾಯಿಗೆ ಹೋಗಿದ್ದನ್ನೂ ನೋಡ್ದೆ, ನೀನೇ ತೆಗೆದಿದ್ದನ್ನೂ ನೋಡ್ದೆ. ಮುಂಚೆ ಹೋಗಿದ್ದೇ ನಿನಗೆ ಗೊತ್ತಾಗ್ತಿರ್ಲಿಲ್ಲ.” ಅವಳು ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. “ಅವಸರದವರು ಬಂದ್ರೆ ನಾಳೆ ಬನ್ನಿ ಅನ್ನು. ಹೂಂ ಅನ್ಬೇಡ.”

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು.

“ಮಾಸ್ಟ್ರೇ, ನನಗೂ ಹನ್ನೆರಡಕ್ಕೆ ಒಂದು ಕೇಸಿದೆ” ಎಂದರು ವಕೀಲರು, ಒಂದು ಕೈ ಮೇಲೆತ್ತಿಕೊಂಡು.

ಮಾಸ್ಟರು ಮಣಿಕಟ್ಟಿನಿಂದ ಒಂದು ಸೂಜಿ ಎಳೆದರು. ಬೆಕ್ಕು ಹೊರಟುಹೋಗಿತ್ತು. ಪಿಟೀಲು ಸ್ಟೂಲನ್ನು ದರದರ ಎಳೆದುಕೊಂಡು ಬಂದು ಕನ್ನಡಿಯ ಪಕ್ಕ ಹಾಕಿ, ಹತ್ತಿ ಕೂತು, ಅಜ್ಜನ ಬಾಯನ್ನೇ ನೋಡತೊಡಗಿದಳು.